ಒಳಗೆ ಬಂದ ಔಷಧಿಯನ್ನು ಹೊರಗೆ ತಳ್ಳುವ ಪಂಪು

ಅಕ್ಕನ ಕೀಮೋ ದಿನಗಳಲ್ಲಿ ಆ ಕೆಂಪು ಔಷಧಿ ಟ್ಯೂಬಿನಲ್ಲಿ ಹನಿ ಹನಿಯಾಗಿ ಇಳಿಯುವುದನ್ನೇ ನೋಡುತ್ತಾ ಕೂತಿರುತ್ತಿದ್ದೆ. ಡಾಕ್ಸೊರುಬಿಸಿನ್. ಒಂದು ದಿನ ಡಾಕ್ಟರು, "ಗಡ್ಡೆ ಈ ಔಷಧಿಗೆ ಜಗ್ಗುತ್ತಿಲ್ಲ" ಎಂದರು. ಇಷ್ಟು ಔಷಧಿ ಮೈಯೊಳಗೆ ಹೋಗಿದೆ, ಮತ್ತೆ ಯಾಕೆ? ಆ ಪ್ರಶ್ನೆ ತಲೆಯಿಂದ ಹೋಗಲೇ ಇಲ್ಲ.

ಇವತ್ತು ಓದುತ್ತಿದ್ದಾಗ ಒಂದು ಕಾರಣ ಸಿಕ್ಕಿತು. ಕೆಲವು ಕ್ಯಾನ್ಸರ್ ಕೋಶಗಳ ಪೊರೆಯಲ್ಲಿ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪು ಜಾಸ್ತಿ ಇರುತ್ತದೆ. 1976ರಲ್ಲೇ ಗುರುತಿಸಿದ್ದರು. ಪೊರೆ ದಾಟುವ ಔಷಧಿಯನ್ನು ಅದು ಹಿಡಿದು ಆಚೆ ತಳ್ಳುತ್ತದೆ. ಬಾಗಿಲಲ್ಲೇ ಕತ್ತು ಹಿಡಿದು ದಬ್ಬಿದ ಹಾಗೆ.

ಔಷಧಿಯನ್ನು ಒಳಗೆ ತುಂಬಿ ಕಳಿಸುವ ಅತಿ ಪುಟ್ಟ ಕಣ, ಅಂದರೆ ನ್ಯಾನೋಕಣದ ದಾರಿ ಬೇರೆ. ಗಾತ್ರ 100 ನ್ಯಾನೋಮೀಟರ್ ಆಸುಪಾಸು, ಕೂದಲಿನ ದಪ್ಪಕ್ಕಿಂತ ನೂರಾರು ಪಟ್ಟು ಸಣ್ಣದು. ಕೋಶವೇ ಅದನ್ನು ಪೊರೆಯಲ್ಲಿ ಸುತ್ತಿ, ಪುಟ್ಟ ಚೀಲ ಮಾಡಿ ಒಳಗೆ ಎಳೆದುಕೊಳ್ಳುತ್ತದೆ. ಔಷಧಿ ಬಿಚ್ಚಿಕೊಳ್ಳುವುದು ಒಳಗೆ ಹೋದ ಮೇಲೆ. ಪಂಪಿನ ಕೈಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಪಂಪಿನ ತಯಾರಿಯನ್ನೇ ತಡೆಯುವ ಆರ್‌ಎನ್‌ಎ ತುಣುಕನ್ನೂ ಅದೇ ಕಣದಲ್ಲಿ ತುಂಬಿ ಪ್ರಯೋಗ ಮಾಡಿದವರಿದ್ದಾರೆ. ಎಷ್ಟು ಚೆಂದದ ಯೋಚನೆ, ಅಲ್ವಾ?

ಅದೇ ಕೆಂಪು ಔಷಧಿಯನ್ನು ಕೊಬ್ಬಿನ ಗುಳ್ಳೆಯಲ್ಲಿ ತುಂಬಿದ ಡಾಕ್ಸಿಲ್ 1995ರಿಂದಲೇ ಬಳಕೆಯಲ್ಲಿದೆ. ಅದರಿಂದ ಹೃದಯಕ್ಕೆ ಬೀಳುವ ಪೆಟ್ಟು ಕಡಿಮೆಯಾಯಿತು. ಪಂಪನ್ನು ಮಣಿಸುವ ಕಣಗಳು ಮಾತ್ರ ಹೆಚ್ಚಾಗಿ ಇನ್ನೂ ಲ್ಯಾಬಿನಲ್ಲೇ, ಇಲಿಗಳ ಹಂತದಲ್ಲೇ ಇವೆ. ರಕ್ತಕ್ಕೆ ಬಿಟ್ಟ ಕಣಗಳಲ್ಲಿ ಬಹುಪಾಲು ಲಿವರು, ಗುಲ್ಮ ಸೇರುತ್ತವೆ. ಗಡ್ಡೆಗೆ ತಲುಪುವುದು ಸ್ವಲ್ಪವೇ. ಅದೇ ನನಗೆ ಬೇಜಾರು.

ಅಕ್ಕನಿಗೆ ಆಮೇಲೆ ಬೇರೆ ಔಷಧಿ ಹಿಡಿಸಿತು. ಈಗ ಚೆನ್ನಾಗಿದ್ದಾಳೆ. ಪಂಪಿನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಹಾಗಾದ್ರೆ ನಾನು ಸೋತಿದ್ದಲ್ಲ" ಎಂದಳು.