ಮೆತ್ತಗಿದ್ದರೆ ಅದು ಹವಳ ಹೇಗಾಗುತ್ತದೆ?

ಕೆಂಪು ಸಮುದ್ರದ ಉತ್ತರ ತುದಿಯ ಐಲಾತ್‌ನಲ್ಲಿ ಎರಡು ವರ್ಷ ಮೃದು ಹವಳಗಳ ಹಿಂದೆ ಬಿದ್ದು ನೀರಿಗಿಳಿದವಳು ನಾನು. ಊರಿಗೆ ಬಂದಾಗಲೆಲ್ಲ ಎಲ್ಲರದೂ ಒಂದೇ ಪ್ರಶ್ನೆ: ಮೆತ್ತಗಿದ್ದರೆ ಅದು ಹವಳ ಹೇಗಾಗುತ್ತದೆ? ಹೇಳಿ ಹೇಳಿ ಬಾಯಿ ಒಣಗಿದೆ. ಇನ್ನು ಮುಂದೆ ಕೇಳಿದವರು ಇದನ್ನು ಓದಿಕೊಳ್ಳಲಿ.

ಪ್ರಶ್ನೆಗಿಂತ ಅದನ್ನು ಕೇಳುವ ಧಾಟಿ ನನಗೆ ಚುಚ್ಚುತ್ತದೆ. ಕಳೆದ ವರ್ಷ ಒಂದು ಗೃಹಪ್ರವೇಶದ ಊಟದಲ್ಲಿ ಪಕ್ಕದೆಲೆಯ ಹಿರಿಯರು ಕುಜದೋಷಕ್ಕೆಂದು ಹಾಕಿಕೊಂಡಿದ್ದ ಉಂಗುರವನ್ನು ಸ್ಟೀಲ್ ಲೋಟಕ್ಕೆ ಟಣ್ ಎಂದು ಕುಟ್ಟಿ, "ಹವಳ ಎಂದರೆ ಇದು. ನೀನು ಓದುತ್ತಿರುವುದು ನಕಲಿ" ಎಂದರು. ಪಂಕ್ತಿಯೇ ನಕ್ಕಿತು. ನಾನು ಹೋಳಿಗೆ ಮುರಿಯುತ್ತಾ ಸುಮ್ಮನಿದ್ದೆ. ಸುಮ್ಮನಿದ್ದದ್ದು ತಪ್ಪಾಯಿತು.

ಆ ಉಂಗುರದ ಹವಳ ಅಸಲಿಯಾಗಿದ್ದರೆ ನನ್ನ ಮೆತ್ತನೆಯ ಹವಳಗಳ ರಕ್ತಸಂಬಂಧಿ. ಮೆಡಿಟರೇನಿಯನ್ನಿನ ಕೆಂಪು ಹವಳದ ಪಾಲಿಪ್, ಅಂದರೆ ಹವಳವನ್ನು ಕಟ್ಟುವ ಹೂವಿನಂಥ ಪುಟ್ಟ ಜೀವಿ, ಅರಳಿದಾಗ ಎಣಿಸಿ ನೋಡಿ: ಬಾಯಿಯ ಸುತ್ತ ಎಂಟು ಗ್ರಹಣಾಂಗಗಳು, ಒಂದೊಂದರ ಅಂಚಿಗೂ ಹಕ್ಕಿಯ ಗರಿಯಂತೆ ಎಳೆಗಳು. ನಾನು ಓದುವ ಹವಳಗಳದೂ ಇದೇ ಲೆಕ್ಕ. ಬಂಡೆ ಕಟ್ಟುವ ಗಟ್ಟಿ ಹವಳಗಳಲ್ಲಿ ಲೆಕ್ಕ ಆರರ ಗುಣಕದಲ್ಲಿ ನಡೆಯುತ್ತದೆ. ನೆಂಟಸ್ತಿಕೆ ನೋಡುವುದಾದರೆ ಆ ಹಿರಿಯರ ಬೆರಳಿನಲ್ಲಿದ್ದದ್ದು ನಮ್ಮ ಕಡೆಯದು.

ಇನ್ನು ಮೆತ್ತಗಿರುವ ಮಾತು. ಸಿನುಲೇರಿಯ ಎಂಬ ಮೃದು ಹವಳದ ಎಳ್ಳಿನಷ್ಟು ಚೂರನ್ನು ಗಾಜಿನ ತಟ್ಟೆಯಲ್ಲಿಟ್ಟು ಬ್ಲೀಚ್ ಹನಿಸುತ್ತೇವೆ. ಮಾಂಸ ನೊರೆಯಾಗಿ ಕರಗುತ್ತದೆ, ತಳದಲ್ಲಿ ಬಿಳಿ ಮರಳು ಉಳಿಯುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಆ ಮರಳಿನ ಒಂದೊಂದು ಕಣವೂ ಒಂದು ಮುಳ್ಳು: ಕೆಲವು ಗದೆಯಂತೆ, ಕೆಲವು ಮೈತುಂಬ ಗಂಟುಗಳಿರುವ ಕದಿರಿನಂತೆ. ಎಲ್ಲವೂ ಸುಣ್ಣ. ಜಾತಿಯನ್ನು ಗುರುತಿಸುವುದು ಈ ಮುಳ್ಳುಗಳ ಆಕಾರದಿಂದ. ಸಿನುಲೇರಿಯದ ಕೆಲವು ಜಾತಿಗಳು ಬುಡದಲ್ಲಿ ಇವನ್ನೇ ಬೆಸೆದು ಬಂಡೆ ಕಟ್ಟುತ್ತವೆ. ನಕಲಿಯಂತೆ!

ಯಾರೂ ಕೇಳದ ಪ್ರಶ್ನೆಯೊಂದಿದೆ: ಆಳಕ್ಕೆ ಇಳಿದಂತೆ, ಬೆಳಕು ಕಡಿಮೆಯಾದಂತೆ, ಈ ಮೃದು ಹವಳಗಳು ಹೇಗೆ ಬದುಕುತ್ತವೆ? ಇದನ್ನು ಕೇಳಿದರೆ ನಾನು ಊಟ ಬಿಟ್ಟು ಉತ್ತರಿಸುತ್ತೇನೆ.

ಮೇಲಿನ ನೀರಿನಲ್ಲಿ ಹೆಚ್ಚಿನ ಮೃದು ಹವಳಗಳ ಮೈಯೊಳಗೆ ಏಕಕೋಶದ ಪಾಚಿ ಮನೆ ಮಾಡಿರುತ್ತದೆ. ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ, ಹವಳ ಉಣ್ಣುತ್ತದೆ. ಹೆಟೆರೊಕ್ಸೀನಿಯ ಎಂಬ ಮೃದು ಹವಳದ ಪಾಲಿಪ್‌ಗಳು ಮುಷ್ಟಿ ಬಿಗಿದು ಬಿಚ್ಚಿದಂತೆ ಹಗಲಿರುಳು ಮಿಡಿಯುತ್ತಿರುತ್ತವೆ. ಆ ಮಿಡಿತ ಪಾಚಿ ಬಿಟ್ಟ ಆಮ್ಲಜನಕವನ್ನು ದೂರ ತಳ್ಳುತ್ತದೆ, ಅದರಿಂದ ದ್ಯುತಿಸಂಶ್ಲೇಷಣೆ ಹೆಚ್ಚುತ್ತದೆ ಎಂದು ಐಲಾತ್‌ನಲ್ಲಿ ನಡೆದ ಅಧ್ಯಯನವೊಂದು 2013ರಲ್ಲಿ ತೋರಿಸಿತು.

ಕೆಳಗಿಳಿದರೆ ಮೊದಲು ಕೆಂಪು ಬೆಳಕು ಹೋಗುತ್ತದೆ, ಕೊನೆಗೆ ನೀಲಿ ಮಾತ್ರ ಉಳಿಯುತ್ತದೆ. ಅಲ್ಲಿ ಹವಳಗಳ ವೈವಿಧ್ಯ ಕುಗ್ಗಬೇಕಲ್ಲವೇ? ನಾನೂ ಹಾಗೆಯೇ ನಂಬಿದ್ದೆ. ಸಂಶೋಧಕರಾದ ಎರೆಜ್ ಶೋಹಮ್ ಮತ್ತು ಯೆಹುದಾ ಬೆನಯಾಹು ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದ್ದು ಬೇರೆಯೇ: ಐಲಾತ್‌ನಲ್ಲಿ 30 ಮೀಟರ್ ದಾಟಿದ ಮಂದಬೆಳಕಿನ ವಲಯದ ಮೇಲ್ಭಾಗದಲ್ಲಿ ಎಂಟು ಗ್ರಹಣಾಂಗಗಳ ಹವಳಗಳ ಜಾತಿಗಳು ಮೇಲಿನ ನೀರಿಗಿಂತ ಹೆಚ್ಚು. ಅದೇ ವರ್ಷ ಅಲ್ಲಿಂದ ಹೊಸ ಸಿನುಲೇರಿಯ ಜಾತಿಯೊಂದನ್ನೂ ವಿವರಿಸಲಾಯಿತು. ಆ ಮಬ್ಬಿನಲ್ಲೂ ಅದು ಪಾಚಿಯನ್ನು ಮೈಯಲ್ಲಿಟ್ಟುಕೊಂಡೇ ಇದೆ. ಬಂಡೆಯ ಮೇಲೆ ಹಳದಿ ಚಾಪೆಯಂತೆ ಹರಡುವ ರೈಟಿಸ್ಮ ಎಂಬ ಮೃದು ಹವಳ ಇನ್ನೂ ಸೋಜಿಗ. ಜಾತಿ ಒಂದೇ ಆದರೂ ಮೇಲಿನವುಗಳ ಸಂತಾನದ ಹೊತ್ತೇ ಬೇರೆ, ಆಳದವುಗಳದೇ ಬೇರೆ.

ಪಾಚಿಯ ಸಹವಾಸವನ್ನೇ ಬಿಟ್ಟವೂ ಇವೆ. ಅಂಥದ್ದೊಂದು ಮೃದು ಹವಳ ಡೆಂಡ್ರೊನೆಫ್ತಿಯ. ಅದನ್ನು ಮೊದಲು ಹತ್ತಿರದಿಂದ ಕಂಡಾಗ ಅದು ಬಂಡೆಯ ನೆರಳಿನಲ್ಲಿ ಗಾಳಿ ಹೋದ ಬಲೂನಿನಂತೆ ಜೋತುಬಿದ್ದಿತ್ತು, ಬೂದು ಬಣ್ಣ. ಸತ್ತಿದೆ ಎಂದುಕೊಂಡೆ. ನೀರಿನ ಹರಿವು ಶುರುವಾಯಿತು. ಅದು ನೀರು ತುಂಬಿಕೊಂಡು ಕವಲು ಕವಲಾಗಿ ಎದ್ದು ನಿಂತಿತು. ಟಾರ್ಚ್ ಹಾಕಿದರೆ ಕುಂಕುಮದ ಕೆಂಪು, ಪಾರದರ್ಶಕ ಕಾಂಡದೊಳಗೆ ಮುಳ್ಳುಗಳು ಸೂಜಿಯಂತೆ ಹೊಳೆಯುತ್ತಿದ್ದವು. ಬಿಸಿಲಿನ ಹಂಗಿಲ್ಲದ ಕಾರಣ ಅದಕ್ಕೆ ನೆರಳೂ ಆಗುತ್ತದೆ, ಆಳವೂ ಆಗುತ್ತದೆ, ಹರಿವು ಮಾತ್ರ ಬೇಕು. ಇದರ ಆಹಾರ ಬಹುಪಾಲು ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು ಎಂದು 1995ರಲ್ಲಿ ಸಂಶೋಧಕಿ ಕ್ಯಾಥರಿನಾ ಫ್ಯಾಬ್ರಿಷಿಯಸ್ ಮತ್ತು ಸಂಗಡಿಗರು ತೋರಿಸಿದರು. ಪಾಚಿಯನ್ನು ಸಾಕುವ ಬದಲು ಹಿಡಿದು ತಿನ್ನುವ ಹವಳ!

ಕೆಂಪು ಹವಳವೂ ಪಾಚಿಯಿಲ್ಲದ್ದೇ. ಗುಹೆಗಳ ಸೂರಿನಲ್ಲಿ, ಆಳದ ಬಂಡೆಗಳ ಕತ್ತಲಲ್ಲಿ, ಹರಿವು ತಂದುಕೊಟ್ಟದ್ದನ್ನು ತಿಂದು ಬೆಳೆಯುತ್ತದೆ. ಅದರ ಬುಡದ ದಪ್ಪ ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಹೆಚ್ಚುವುದಿಲ್ಲ. ಹಿರಿಯರೇ, ನಿಮ್ಮ ಉಂಗುರದ ಆ ತುಣುಕಿಗೆ ದಶಕಗಳು ಹಿಡಿದಿವೆ. ಅದನ್ನು ಲೋಟಕ್ಕೆ ಕುಟ್ಟಬೇಡಿ.