‘ನೀನು ಒಂಚೂರು ಹೇಳ್ಬಾರ್ದನೇ?’ ಎಂದು ಕೇಳುವವರಿಗೆ

ಹೇಳಿದ್ದೇನೆ. ಉತ್ತರ ಅಷ್ಟೇ. ಇಲ್ಲಿಗೇ ಓದುವುದು ನಿಲ್ಲಿಸಿದರೂ ನನಗೇನೂ ಬೇಜಾರಿಲ್ಲ.

ಆದರೆ ಕೇಳುವವರು ನಿಲ್ಲಿಸುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮನೆಯವರು ಕುಡಿಯುತ್ತಾರೆ. ಗುಟ್ಟೇನಲ್ಲ, ತೀರ್ಥಹಳ್ಳಿ ಕಡೆಯ ನಮ್ಮ ಊರಿನಲ್ಲಿ ಬಸ್ ಸ್ಟ್ಯಾಂಡಿನ ನಾಯಿಗೂ ಗೊತ್ತು. ಅವರಿಗೊಂದು ಪಂಪ್‌ಸೆಟ್ ರಿಪೇರಿ ಅಂಗಡಿ, ಒಂದೂವರೆ ಎಕರೆ ಅಡಿಕೆ ತೋಟ. ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ. ಇಬ್ಬರು ಮಕ್ಕಳು, ಮಗಳಿಗೆ ಹನ್ನೆರಡು, ಮಗನಿಗೆ ಏಳು. ಇದಿಷ್ಟು ಗೊತ್ತಿರುವ ಯಾರೇ ಸಿಗಲಿ, ಕಿರಾಣಿ ಅಂಗಡಿಯಲ್ಲಿ, ಶಾಲೆಯ ಪೇರೆಂಟ್ಸ್ ಮೀಟಿಂಗಿನಲ್ಲಿ, ಬಸ್ಸಿನ ಪಕ್ಕದ ಸೀಟಿನಲ್ಲಿ, ಎರಡು ನಿಮಿಷ ಮಳೆ, ಅಡಿಕೆ ರೇಟು, ಎಲೆಚುಕ್ಕಿ ರೋಗ ಎಲ್ಲ ಮಾತಾಡಿ ಆಮೇಲೆ ದನಿ ಇಳಿಸುತ್ತಾರೆ. ಆ ದನಿ ಇಳಿದಾಗಲೇ ನನಗೆ ಗೊತ್ತಾಗುತ್ತದೆ.

‘ನೀನು ಒಂಚೂರು ಹೇಳ್ಬಾರ್ದನೇ?’

ನನಗೆ ಸಿಟ್ಟು ಬರುವುದು ‘ಒಂಚೂರು’ ಎನ್ನುವ ಪದಕ್ಕೆ. ಸಾರಿಗೆ ಒಂಚೂರು ಉಪ್ಪು ಹಾಕಬಾರ್ದಾ ಅಂದ ಹಾಗೆ. ಒಂಬತ್ತು ವರ್ಷದಲ್ಲಿ ನನಗೇ ಹೊಳೆಯದ ಉಪಾಯವನ್ನು ಇವರು ಕಾಫಿ ಪುಡಿ ಕಟ್ಟಿಸಿಕೊಳ್ಳುತ್ತಾ ಹುಡುಕಿಕೊಟ್ಟ ಹಾಗೆ. ಅತ್ತು ಹೇಳಿದ್ದೇನೆ, ಕೂಗಾಡಿ ಹೇಳಿದ್ದೇನೆ, ಮಾತು ಬಿಟ್ಟು ಹೇಳಿದ್ದೇನೆ, ನಾದಿನಿಯ ಬಾಯಲ್ಲಿ ಹೇಳಿಸಿದ್ದೇನೆ. ಮಕ್ಕಳ ತಲೆ ಮುಟ್ಟಿಸಿ ಆಣೆ ಮಾಡಿಸಿದ್ದೇನೆ. (ಅದೊಂದು ಮಾಡಬಾರದಿತ್ತು. ಅಪ್ಪ ಮತ್ತೆ ಕುಡಿದು ಬಂದ ದಿನ ಮಗ ತನ್ನ ತಲೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.) ಸಿಗಂದೂರಿಗೂ ಕರೆದುಕೊಂಡು ಹೋಗಿದ್ದೇನೆ, ಸೇತುವೆ ಇನ್ನೂ ಆಗಿರಲಿಲ್ಲ, ಲಾಂಚಿನಲ್ಲಿ ಹಿನ್ನೀರು ದಾಟಿ. ಚೌಡಮ್ಮನ ಮುಂದೆ ಇವರು ಕೈಮುಗಿದು ನಿಂತು ನಿಜವಾಗಿಯೂ ಅತ್ತರು. ಹತ್ತೊಂಬತ್ತು ದಿನ ನಡೆಯಿತು.

ಹೋದ ವರ್ಷ ಒಂದು ಮದುವೆ. ಊಟದ ಪಂಕ್ತಿ. ಎದುರು ಸಾಲಿನಲ್ಲಿ ಇವರ ಕಡೆಯ ಒಬ್ಬರು ದೊಡ್ಡಮ್ಮ, ಅವರ ಪಕ್ಕದಲ್ಲಿ ನನ್ನ ಮಗಳು. ಹೋಳಿಗೆ ಬಡಿಸಿ ಆಗಿತ್ತು, ತುಪ್ಪದ ಹುಡುಗ ಬರುತ್ತಿದ್ದ. ದೊಡ್ಡಮ್ಮ ದನಿಯನ್ನೂ ಇಳಿಸಲಿಲ್ಲ.

‘ಹುಡುಗ ಬಂಗಾರ ಕಣೇ. ಅದೊಂದು ಬಿಟ್ರೆ ಯಾವ ತಕರಾರೂ ಇಲ್ಲ. ನೀ ಒಂಚೂರು ಹೇಳ್ಬಾರ್ದನೇ? ಹೆಂಡ್ತಿ ಗಟ್ಟಿ ಇದ್ರೆ ಗಂಡ ಯಾಕೆ ಹೀಗಾಗ್ತಾನೆ?’

ಮಗಳು ಹೋಳಿಗೆ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು. ನನ್ನನ್ನು ನೋಡಲಿಲ್ಲ, ಎಲೆ ನೋಡುತ್ತಿದ್ದಳು. ನನಗೆ ಏನಾಯ್ತೋ ಗೊತ್ತಿಲ್ಲ.

‘ಹೇಳಿದ್ದೆ ದೊಡ್ಡಮ್ಮ. ಒಂದ್ಸಲ ಕೇಳಿದ್ರು. ಸತ್ತೇ ಹೋಗ್ತಿದ್ರು’ ಅಂದೆ.

ತುಪ್ಪದ ಹುಡುಗ ನಮ್ಮಿಬ್ಬರ ಎಲೆಗೂ ತುಪ್ಪ ಹಾಕದೇ ಮುಂದೆ ಹೋದ. ಆ ತುಪ್ಪ ಹೋಗಿದ್ದರ ಬೇಜಾರು ನನಗೆ ಇನ್ನೂ ಇದೆ.

ಅವತ್ತು ಪಂಕ್ತಿಯಲ್ಲಿ ವಿವರ ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತೇನೆ. ಮೂರು ವರ್ಷದ ಹಿಂದಿನ ಆಷಾಢ. ಮಳೆ ಅಂದರೆ ಮಳೆ, ಕರೆಂಟು ಹೋಗಿ ನಾಲ್ಕು ದಿನ. ಒಂದು ಬೆಳಿಗ್ಗೆ ಕೂತು ಹೇಳಿದೆ, ಇವತ್ತಿನಿಂದ ಒಂದು ಹನಿಯೂ ಇಲ್ಲ ಅಂತ. ಬೈಕಿನ ಕೀ, ಅಂಗಡಿಯ ದುಡ್ಡು ಎಲ್ಲ ನನ್ನ ಹತ್ತಿರ ಇಟ್ಟುಕೊಂಡೆ. ಇವರು ಆಯ್ತು ಅಂದರು. ನಿಜವಾಗಿಯೂ ಮನೆಯಲ್ಲೇ ಉಳಿದರು. ಸಂಜೆಗೆ ಕೈ ನಡುಕ, ಕಾಫಿ ಲೋಟ ಹಿಡಿಯಲು ಆಗದು, ಮೈಯೆಲ್ಲ ಬೆವರು. ನಾಟಕ ಅಂದುಕೊಂಡೆ. ಇದುವರೆಗೆ ಮಾಡಿದ ನಾಟಕಗಳ ಲೆಕ್ಕ ಹಾಗಿತ್ತು. ಮರುದಿನ ಸಂಜೆ ಜಗಲಿಯಲ್ಲಿ ಫಿಟ್ಸ್ ಬಂದು ಬಿದ್ದರು. ಮೊದಲು ನೋಡಿದ್ದು ಮಗಳು. 108 ಬರುವ ತನಕ ಪಕ್ಕದ ಮನೆ ಅಕ್ಕ, ನಾನು ಅವರನ್ನು ಮಗ್ಗುಲಿಗೆ ಹೊರಳಿಸಿ ಹಿಡಿದುಕೊಂಡಿದ್ದೆವು. ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರು. ಆ ರಾತ್ರಿ ಆಸ್ಪತ್ರೆಯ ಹಾಸಿಗೆಯಲ್ಲಿ ಕಂಬಳಿಯ ಮೇಲಿಂದ ಇರುವೆ ಹೆಕ್ಕಿ ಹೆಕ್ಕಿ ಎಸೆಯುತ್ತಿದ್ದರು. ಕಂಬಳಿಯ ಮೇಲೆ ಇರುವೆ ಇರಲಿಲ್ಲ.

ಡ್ಯೂಟಿಯಲ್ಲಿದ್ದ ಡಾಕ್ಟರು ಚಿಕ್ಕ ಹುಡುಗಿ. ‘ದಿನಾ ಕುಡಿಯುವವರು ಹೀಗೆ ಒಮ್ಮೆಲೇ ನಿಲ್ಲಿಸಬಾರದು, ಯಾರು ಹೇಳಿದ್ದು ಇವರಿಗೆ?’ ಅಂತ ಕೇಳಿದಳು.

‘ನಾನೇ’ ಅಂದೆ.

ವರ್ಷಗಟ್ಟಲೆ ಜಾಸ್ತಿ ಕುಡಿದ ಮೈ ಅದಕ್ಕೇ ಒಗ್ಗಿಹೋಗಿರುತ್ತದಂತೆ. ಥಟ್ಟನೆ ತೆಗೆದರೆ 6 ಗಂಟೆಯಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನದ ನಡುವೆ ಕೆಲವರಿಗೆ ಭ್ರಮೆ ಹಿಡಿಯುತ್ತದೆ, ಇಲ್ಲದ್ದು ಕಾಣುತ್ತದೆ, ಚಿಕಿತ್ಸೆ ಸಿಗದಿದ್ದರೆ ಜೀವವೂ ಹೋಗಬಹುದು. ಆಸ್ಪತ್ರೆಯಲ್ಲಿ ಬಿ1 ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ, ನರ ಶಾಂತವಾಗುವ ಮಾತ್ರೆ ಕೊಟ್ಟು ದಿನದಿನಕ್ಕೆ ಇಳಿಸುತ್ತಾ ಬರುತ್ತಾರೆ. ಇದನ್ನೆಲ್ಲ ‘ಹೇಳ್ಬಾರ್ದನೇ’ ಅಂದವರಲ್ಲಿ ಒಬ್ಬರೂ ನನಗೆ ಹೇಳಿರಲಿಲ್ಲ.

ಕಾಯಿಲೆ ಅಂದರೆ ಜನ ನಗುತ್ತಾರೆ. ‘ಕಾಯಿಲೆಯಂತೆ! ವೈನ್ ಶಾಪಿಗೆ ನಡ್ಕೊಂಡು ಹೋಗಿ ತರೋ ಕಾಯಿಲೆ.’ ನಾನೂ ಹಾಗೇ ನಗುತ್ತಿದ್ದವಳೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯದ ಚಟದಿಂದ ಬರುವ ಮಾನಸಿಕ ತೊಂದರೆಯನ್ನೂ ಮಾನಸಿಕ ಕಾಯಿಲೆಯ ಲೆಕ್ಕಕ್ಕೇ ಸೇರಿಸಿದ್ದಾರೆ. ಏಮ್ಸ್‌ನವರು ಕೇಂದ್ರ ಸರ್ಕಾರಕ್ಕೆ ಮಾಡಿಕೊಟ್ಟ ಸಮೀಕ್ಷೆ 2019ರಲ್ಲಿ ಬಂತು. ಕುಡಿತಕ್ಕೆ ಪೂರ್ತಿ ಅಂಟಿಕೊಂಡವರಲ್ಲಿ 38 ಜನಕ್ಕೆ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ ಅಂತ ಅದರಲ್ಲಿದೆ. ಉಳಿದ ಮೂವತ್ತೇಳು ಜನರಿಗೆ ಹೆಂಡತಿಯರು ‘ಒಂಚೂರು ಹೇಳುತ್ತಾ’ ಇದ್ದಾರೆ ಅಂತ ಕಾಣುತ್ತದೆ.

ಇನ್ನು ಪುಡಿಯವರು. ‘ಅವನಿಗೆ ಗೊತ್ತಾಗದ ಹಾಗೆ ಸಾರಿಗೆ ಕಲಸಿ ಹಾಕು, ಹದಿನೈದು ದಿನಕ್ಕೆ ವಾಸನೆ ಕಂಡ್ರೇ ಆಗಲ್ಲ.’ ಮೂರು ಬೇರೆ ಬೇರೆ ಪುಡಿ ನಮ್ಮ ಮನೆಗೆ ಬಂದಿವೆ, ಒಂದಕ್ಕೂ ಒಳಗೇನಿದೆ ಅಂತ ಚೀಟಿ ಇರಲಿಲ್ಲ. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕಾದರೂ ಒಂದು ಲೆಕ್ಕ ಇದೆ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕೊಳೆ ರೋಗದ ಅಡಿಕೆಗೆ ತೋರಿಸುವಷ್ಟು ಕಾಳಜಿಯನ್ನು ಗಂಡನ ಹೊಟ್ಟೆಗೂ ತೋರಿಸಬೇಕಲ್ವಾ? ಡೈಸಲ್ಫಿರಾಮ್ ಅಂತ ಒಂದು ಮಾತ್ರೆ ಇರುವುದು ನಿಜ. ಅದನ್ನು ತೆಗೆದುಕೊಂಡ ಮೇಲೆ ಕುಡಿದರೆ ಮುಖ ಕೆಂಪಾಗುತ್ತದೆ, ವಾಂತಿ ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಇಳಿಯುತ್ತದೆ. ಹೃದಯದ ತೊಂದರೆ ಇದ್ದವರಿಗೆ ಪ್ರಾಣಕ್ಕೇ ಕುತ್ತು. ಅದಕ್ಕೇ ಡಾಕ್ಟರು ನೋಡಿ, ರೋಗಿಗೆ ತಿಳಿಸಿ, ಅವರು ಒಪ್ಪಿದ ಮೇಲೆ ಕೊಡುವ ಮಾತ್ರೆ ಅದು. ಸಾರಿಗೆ ಕಲಸುವುದಲ್ಲ. ಆ ಮೂರೂ ಪುಡಿಯನ್ನು ಬಚ್ಚಲ ಒಲೆಗೆ ಹಾಕಿದೆ.

ಮದ್ಯವರ್ಜನ ಶಿಬಿರಕ್ಕೆ ಕಳಿಸಿಲ್ವಾ ಅಂತಲೂ ಕೇಳುತ್ತಾರೆ. ಕಳಿಸಿದ್ದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮಾಡುವ ಶಿಬಿರದಿಂದ ಬಂದು ಇವತ್ತಿಗೂ ಮುಟ್ಟದವರು ನಮ್ಮ ಊರಲ್ಲೇ ಇಬ್ಬರಿದ್ದಾರೆ, ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಸೇರುತ್ತಾರೆ. ಇವರದ್ದು ನಾಲ್ಕು ತಿಂಗಳು ನಡೆಯಿತು, ಆಮೇಲೆ ಅಡಿಕೆ ಕೊನೆಕೊಯ್ಲು ಬಂತು, ಕೈಗೆ ದುಡ್ಡು ಬಂತು, ಗೆಳೆಯರೂ ಬಂದರು. ಬಿಡುವುದು, ಮತ್ತೆ ಬೀಳುವುದು, ಮತ್ತೆ ಬಿಡುವುದು, ಈ ಕಾಯಿಲೆಯ ದಾರಿಯೇ ಹಾಗಂತೆ. ಬಿದ್ದಾಗ ಮಾತ್ರ ಇಡೀ ಊರಿಗೆ ಕಾಣುತ್ತದೆ.

ಸರಿ, ನೀವು ಕೇಳಿದ್ದಕ್ಕೆ ಹೇಳಿ ಆಯ್ತು. ಈಗ ನೀವು ಕೇಳದೇ ಇದ್ದದ್ದು.

ಗಂಡನಿಗೆ ಏನು ಹೇಳಿದೆ ಅಂತ ಊರೆಲ್ಲ ಕೇಳುತ್ತದೆ. ಮಕ್ಕಳಿಗೆ ಏನು ಹೇಳಿದೆ ಅಂತ ಯಾರೂ ಕೇಳಿಲ್ಲ. ಕೇಳಿದ್ದರೆ ಬಹಳ ವರ್ಷ ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಅಪ್ಪಂಗೆ ಸುಸ್ತು, ಮಲಗಿದಾರೆ.’ ‘ಅಪ್ಪಂಗೆ ತಲೆನೋವು.’ ಜಗಲಿಯಲ್ಲಿ ವಾಂತಿಯಾಗಿದ್ದರೆ ‘ಊಟ ಹಿಡಿಸಿಲ್ಲ’. ಮಕ್ಕಳು ನಂಬಲಿಲ್ಲ. ಆದರೆ ನಂಬಿದ ಹಾಗೆ ಇರುವುದನ್ನು ಕಲಿತರು.

ಮಗಳು ಪೊಲೀಸ್ ಆದಳು. ಅಪ್ಪ ಬಂದ ಕೂಡಲೇ ಹತ್ತಿರ ಹೋಗಿ ಮೂಸುವುದು, ಬೈಕಿನ ಡಿಕ್ಕಿ ನೋಡುವುದು, ಔಷಧಿ ಹೊಡೆಯುವ ಡ್ರಮ್ಮಿನ ಹಿಂದಿನಿಂದ ತೊಂಬತ್ತರ ಟೆಟ್ರಾ ಪ್ಯಾಕ್ ಹುಡುಕಿ ತಂದು ನನ್ನ ಮುಂದೆ ಇಡುವುದು. ಹತ್ತು ವರ್ಷದ ಹುಡುಗಿ. ನಾನು ಅವಳಿಗೆ ‘ಜಾಣೆ’ ಅಂದಿದ್ದೇನೆ. ಬರೆಯಲು ನಾಚಿಕೆ ಆಗುತ್ತದೆ, ಆದರೆ ಅಂದಿದ್ದೇನೆ.

ಮಗನ ವಿಷಯ ಇನ್ನೂ ಕೆಟ್ಟದ್ದು. ಒಂದು ಸಂಜೆ ಏಳೂವರೆ ಆಗಿತ್ತು, ಬೈಕಿನ ಸದ್ದಿಗೆ ಕಿವಿ ಕೊಟ್ಟು ಕೂತಿದ್ದೆ. ಕುಡಿಯುವವರ ಮನೆಯ ಹೆಂಗಸರಿಗೆ ಇದು ಗೊತ್ತು, ತಿರುವಿನಲ್ಲಿ ಗೇರ್ ಬದಲಿಸುವ ಸದ್ದಿನಲ್ಲೇ ಎಷ್ಟು ಆಗಿದೆ ಅಂತ ಹೇಳಿಬಿಡುತ್ತೇವೆ. ಮಗ ಮಗ್ಗಿ ಒಪ್ಪಿಸುತ್ತಿದ್ದ. ಆರೇಳ್ಲಿ ನಲವತ್ತಮೂರು ಅಂದ. ಹೊಡೆದೆ. ಕೆನ್ನೆಗೆ, ಬಲವಾಗಿ. ಅವನು ಅಳಲಿಲ್ಲ, ‘ಅಮ್ಮ, ಅಪ್ಪ ಬಂದ್ರಾ?’ ಅಂತ ಬಾಗಿಲ ಕಡೆ ನೋಡಿದ. ನನ್ನ ಸಿಟ್ಟಿನ ವಿಳಾಸ ಆ ಹುಡುಗನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಆ ರಾತ್ರಿ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ, ಕೇಂದ್ರ ಸರ್ಕಾರದ್ದು, 2022ರಲ್ಲಿ ಶುರುವಾದದ್ದು. ದುಡ್ಡಿಲ್ಲ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಗಂಡನ ಬಗ್ಗೆ ಕೇಳಲು ಮಾಡಿದ್ದು. ಆ ಕಡೆಯ ಹೆಣ್ಣುಮಗಳು ಹತ್ತು ನಿಮಿಷ ಕೇಳಿಸಿಕೊಂಡು, ‘ಮಕ್ಕಳಿಗೆ ಏನಂತ ಹೇಳಿದೀರಾ ಮೇಡಂ?’ ಅಂದಳು. ಅಂತೂ ಒಬ್ಬರು ಕೇಳಿದರು.

ಕುಡಿತ ಬಿಡಲು ಹೊರಟವರ ಸಂಘ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಅಂತ ಒಂದಿದೆಯಲ್ಲ, ಅದು ಅಮೆರಿಕದಲ್ಲಿ 1935ರಲ್ಲಿ ಶುರುವಾದದ್ದು. ಕುಡಿಯುವವರ ಮನೆಮಂದಿಯ ಗುಂಪು ಅಲ್-ಅನಾನ್ ಶುರುವಾದದ್ದು 1951ರಲ್ಲಿ, ಅದನ್ನು ಶುರು ಮಾಡಿದವರಲ್ಲಿ ಎ.ಎ. ಕಟ್ಟಿದವರೊಬ್ಬರ ಹೆಂಡತಿಯೂ ಇದ್ದರು. ಹೆಂಡತಿಯರ ಗುಂಪಿಗೊಂದು ಹೆಸರಾಗಲು ಅಲ್ಲೂ ಹದಿನಾರು ವರ್ಷ ಹಿಡಿದಿದೆ, ನಮ್ಮ ದೊಡ್ಡಮ್ಮನನ್ನು ಏನಂತ ಬೈಯುವುದು. ಅವರು ಮನೆಯವರಿಗೆ ಹೇಳಿಕೊಡುವುದು ಮೂರು ಮಾತು. ಇದನ್ನು ನೀನು ಮಾಡಿದ್ದಲ್ಲ, ಇದು ನಿನ್ನ ಹತೋಟಿಯಲ್ಲಿಲ್ಲ, ನಿನ್ನಿಂದ ಇದು ವಾಸಿಯಾಗುವುದೂ ಇಲ್ಲ. ನಾನು ಅದನ್ನೇ ನಮ್ಮ ಭಾಷೆಯಲ್ಲಿ ಮಕ್ಕಳಿಗೆ ಹೇಳಿದೆ. ಒಂದು ಭಾನುವಾರ ಕಡುಬು ಬೇಯುತ್ತಿತ್ತು, ಇಬ್ಬರನ್ನೂ ಒಲೆ ಹತ್ತಿರ ಕೂರಿಸಿಕೊಂಡೆ. ಅಪ್ಪಂಗೆ ಕುಡಿಯೋ ಕಾಯಿಲೆ. ನೀವು ಗಲಾಟೆ ಮಾಡಿದ್ದಕ್ಕೆ ಬಂದಿದ್ದಲ್ಲ. ನೀವು ಫಸ್ಟ್ ಬಂದ್ರೂ ಹೋಗಲ್ಲ. ಡಾಕ್ಟರ್ ಇದಾರೆ, ಅದು ಅವರ ಕೆಲಸ. ಡ್ರಮ್ಮಿನ ಹಿಂದೆ ಹುಡುಕೋದು ಇವತ್ತಿಂದ ನಿಲ್ಲಿಸು ಅಂತ ಮಗಳಿಗೆ ಹೇಳಿದೆ. ಅವಳು ‘ಹಂಗಾದ್ರೆ ಯಾರು ಹುಡುಕ್ತಾರೆ?’ ಅಂದಳು. ಯಾರೂ ಹುಡುಕಲ್ಲ ಅಂದೆ. ಅವಳಿಗೆ ಅದು ಹಿಡಿಸಲಿಲ್ಲ, ಕೆಲಸ ಹೋದವರ ಮುಖ ಮಾಡಿಕೊಂಡಳು. ಆಮೇಲೆ ಕಡುಬು ಜಾಸ್ತಿ ತಿಂದಳು.

ಮತ್ತೆ ಕೆಲವು ಕಟ್ಟುನಿಟ್ಟು. ಕತ್ತಲಾದ ಮೇಲೆ ಅಪ್ಪನ ಬೈಕ್ ಹತ್ತುವ ಹಾಗಿಲ್ಲ, ಅಪ್ಪ ಎಷ್ಟೇ ಪ್ರೀತಿಯಿಂದ ಕರೆದರೂ. ಕೂಗಾಟ ಶುರುವಾದರೆ ಪುಸ್ತಕ ಎತ್ತಿಕೊಂಡು ಪಕ್ಕದ ಮನೆಗೆ. ತುರ್ತಿಗೆ 112, ಮಕ್ಕಳ ಸಹಾಯವಾಣಿ 1098, ಎರಡು ನಂಬರನ್ನೂ ಮಗಳು ಬಾಯಿಪಾಠ ಮಾಡಿದ್ದಾಳೆ. ಇವರಿಗೂ ಇದೆಲ್ಲ ಗೊತ್ತು. ಕುಡಿಯದೇ ಇದ್ದ ಒಂದು ಬೆಳಿಗ್ಗೆ ಎದುರಿಗೇ ಹೇಳಿದ್ದೇನೆ. ತಲೆ ತಗ್ಗಿಸಿ ‘ಹೂಂ’ ಅಂದರು. ಅವರು ಕೆಟ್ಟವರಲ್ಲ. ಮಗನಿಗೆ ಅಡಿಕೆ ಹಾಳೆಯಲ್ಲಿ ಬಂಡಿ ಮಾಡಿ ಎಳೆಯುವವರೂ ಅವರೇ. ಈ ಎರಡೂ ಒಂದೇ ಮನುಷ್ಯ ಅಂತ ಮಕ್ಕಳಿಗೆ ಹೇಗೆ ಹೇಳುವುದು ಅಂತ ನನಗೆ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಪಕ್ಕದ ಮನೆ ಅಕ್ಕ ಮಾತ್ರ ಇದುವರೆಗೆ ಏನೂ ಕೇಳಿಲ್ಲ. ರಾತ್ರಿ ಒಂದು ಪಾವು ಅಕ್ಕಿ ಜಾಸ್ತಿ ಹಾಕುತ್ತಾರೆ. ಮಕ್ಕಳು ಹೋಗದ ದಿನ ಅದು ನಾಯಿಗೆ. ಆ ನಾಯಿ ಈಚೆಗೆ ದಪ್ಪಗಾಗಿದೆ. ನಮ್ಮ ಮನೆಯ ಹಾಲ್‌ಚಾಲ್ ತಿಳಿಯಬೇಕು ಅನ್ನುವವರು ಅದನ್ನು ನೋಡಿದರೆ ಸಾಕು, ನನ್ನನ್ನು ಕೇಳುವುದು ಬೇಡ.

ಶುಕ್ರವಾರ ಮತ್ತೆ ಶಿವಮೊಗ್ಗಕ್ಕೆ ಹೋಗುವುದಿದೆ, ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರ ಹತ್ತಿರ. ಇವರು ತಾವಾಗಿಯೇ ಬರುತ್ತೇನೆ ಅಂದಿದ್ದಾರೆ. ಶಾಲೆಗೆ ರಜೆ, ಹಾಗಾಗಿ ಮಕ್ಕಳೂ ಬರುತ್ತಾರೆ. ಮಗನಿಗೆ ಅಪ್ಪನ ಡಾಕ್ಟರು ಅಂದರೆ ಸಕ್ರೆಬೈಲಿನ ಆನೆ ಬಿಡಾರ ದಾಟಿದ ಮೇಲೆ ಸಿಗುವವರು ಅಂತಷ್ಟೇ ಲೆಕ್ಕ. ಬಸ್ಸಿನಲ್ಲಿ ಆನೆ ಕಾಣುವ ಕಡೆಯ ಕಿಟಕಿ ಬೇಕಂತೆ, ಅಪ್ಪನ ಪಕ್ಕದಲ್ಲಿ.