ಬೆಳೆಯುವುದು, ಬೆಳೆಸುವುದು

ನನ್ನ ಹುದ್ದೆಯ ಹೆಸರು ಸಾಫ್ಟ್‌ವೇರ್ ಡೆವಲಪರ್. ಪಕ್ಕದ ಸಾಲಿನಲ್ಲಿ ಕೂರುವವರದು ಬಿಸಿನೆಸ್ ಡೆವಲಪ್‌ಮೆಂಟ್, ಅಂದರೆ ಹೊಸ ಗಿರಾಕಿಗಳನ್ನು ಹುಡುಕುವ ಕೆಲಸ. ವರ್ಷಕ್ಕೊಮ್ಮೆ ತುಂಬುವ ಅಪ್ರೈಸಲ್ ಫಾರ್ಮ್‌ನಲ್ಲಿ, ಅಂದರೆ ಕೆಲಸದ ಮೌಲ್ಯಮಾಪನದ ಫಾರ್ಮ್‌ನಲ್ಲಿ, ಪ್ರತಿಯೊಬ್ಬರ ಹೆಸರಿನ ಕೆಳಗೂ 'ಡೆವಲಪ್‌ಮೆಂಟ್' ಅಂತ ಒಂದು ಚೌಕ ಇರುತ್ತದೆ. ಪೇಪರ್ ತೆಗೆದರೆ ಅಲ್ಲೂ 'ಡೆವಲಪಿಂಗ್', ಅಂದರೆ ಅಭಿವೃದ್ಧಿಶೀಲ ದೇಶಗಳು. ಒಂದೇ ಪದ ನಾಲ್ಕು ಕಡೆ ಓಡಾಡುತ್ತದೆ. ಇದರಲ್ಲೇನಿದೆ, ಸುಮ್ನೆ ಪದ ತಾನೇ ಅಂದುಕೊಂಡಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಒಂದು ಕಡೆಯ ಅಭ್ಯಾಸ ಆ ಪದದ ಜೊತೆಗೇ ಇನ್ನೊಂದು ಕಡೆಗೂ ಬಂದುಬಿಡುತ್ತದೆ, ಅದರಿಂದ ನಷ್ಟವಾಗುವುದು ಜನರಿಗೆ.

ಕನ್ನಡದಲ್ಲಿ ನೋಡಿದರೆ ವಿಷಯ ಬೇಗ ತಿಳಿಯಾಗುತ್ತದೆ. ನಮ್ಮಲ್ಲಿ ಬೆಳೆಯುವುದು ಬೇರೆ, ಬೆಳೆಸುವುದು ಬೇರೆ. 'ಏಳಿಗೆ' ಅನ್ನುವ ಪದವಂತೂ 'ಏಳು' ಎಂಬುದರಿಂದಲೇ ಬಂದದ್ದು, ಏಳುವವರು ತಾವೇ ಏಳಬೇಕು, ಪಕ್ಕದವರು ಹೆಚ್ಚೆಂದರೆ ಕೈ ಚಾಚಬಹುದು. ಸಾಫ್ಟ್‌ವೇರ್ ತಾನಾಗಿ ಬೆಳೆಯುವುದಿಲ್ಲ, ಯಾರಾದರೂ ಕೂತು ಕಟ್ಟಬೇಕು. ಅದು ಹೇಗಿರಬೇಕು ಎಂದು ಕಟ್ಟುವವರೇ ತೀರ್ಮಾನಿಸಬಹುದು, ಕೋಡ್ ಎದುರು ಮಾತಾಡುವುದಿಲ್ಲ. ಊರುಗಳನ್ನೂ ದೇಶಗಳನ್ನೂ ಹಾಗೆ ಕಟ್ಟಲು ಹೊರಟಾಗ ಎಡವಟ್ಟಾಗುತ್ತದೆ.

1949ರ ಜನವರಿ 20ರಂದು ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಪದಗ್ರಹಣ ಭಾಷಣದಲ್ಲಿ, ವಿಜ್ಞಾನ ಮತ್ತು ಕೈಗಾರಿಕೆಯ ಲಾಭವನ್ನು 'ಹಿಂದುಳಿದ ಪ್ರದೇಶ'ಗಳಿಗೆ ಮುಟ್ಟಿಸುವ ಮಾತಾಡಿದರು. ಉದ್ದೇಶ ಕೆಟ್ಟದು ಅನ್ನಲಾರೆ. ಆದರೆ ಅಲ್ಲಿಂದಾಚೆ ದೇಶಗಳನ್ನೆಲ್ಲ ಒಂದೇ ಏಣಿಯ ಮೇಲೆ ನಿಲ್ಲಿಸಿ ನೋಡುವುದು ರೂಢಿಯಾಯಿತು. ಮೇಲಿನ ಮೆಟ್ಟಿಲಲ್ಲಿ ಇರುವವರಿಗೆ ಕೆಳಗಿನವರ ಕಷ್ಟ ಏನು, ಪರಿಹಾರ ಏನು ಎರಡೂ ಗೊತ್ತು ಅನ್ನುವ ನಂಬಿಕೆಯೂ ಜೊತೆಗೇ ಬೆಳೆಯಿತು.

ಕೆನ್ಯಾದ ತುರ್ಕಾನ ಸರೋವರದ ಬಳಿ ನಾರ್ವೆಯ ನೆರವಿನಿಂದ ಮೀನು ಸಂಸ್ಕರಣೆಯ ಕಾರ್ಖಾನೆ ಕಟ್ಟಿದರು. ತುರ್ಕಾನ ಜನ ದನ, ಆಡು ಮೇಯಿಸುತ್ತಾ ಅಲೆಯುವವರು, ಮೀನುಗಾರಿಕೆ ಅವರ ಕಸುಬಲ್ಲ. ಮರುಭೂಮಿಯಂಥ ಜಾಗದಲ್ಲಿ ಮೀನು ತಣ್ಣಗಿಡುವ ಖರ್ಚು ತಡೆಯಲಾಗದೆ ಕಾರ್ಖಾನೆ ಕೆಲವೇ ದಿನ ನಡೆದು ನಿಂತಿತು.

ನನ್ನನ್ನು ಜಾಸ್ತಿ ಕಾಡಿದ್ದು ಪ್ಲೇಪಂಪ್ ಕಥೆ. ಮಕ್ಕಳು ಕೂತು ತಿರುಗುವ ಆಟದ ಚಕ್ರಕ್ಕೆ ಪಂಪು ಜೋಡಿಸಿದ್ದರು. ಮಕ್ಕಳು ಆಡುತ್ತಿದ್ದರೆ ನೀರು ಮೇಲಿನ ಟ್ಯಾಂಕಿಗೆ ಏರಬೇಕು. ಕೇಳಿದರೆ ಯಾರಿಗಾದರೂ ಖುಷಿಯಾಗುತ್ತದೆ, ಅಲ್ವಾ? 2006ರಲ್ಲಿ ಆಫ್ರಿಕಾದ ಉದ್ದಗಲಕ್ಕೂ ಇದನ್ನು ಹಾಕಲು 1.64 ಕೋಟಿ ಡಾಲರ್ ಘೋಷಣೆಯಾಯಿತು. ಆದರೆ ಮಕ್ಕಳಿಗೆ ಆಟ ಬೇಜಾರಾದ ಮೇಲೂ ಮನೆಗೆ ನೀರು ಬೇಕಲ್ಲ. ಮೊಜಾಂಬಿಕ್‌ನ ಹಳ್ಳಿಗಳಲ್ಲಿ ಹೆಂಗಸರು ಸೊಂಟ ಬಗ್ಗಿಸಿ, ಬಿಸಿಲಲ್ಲಿ ಆ ಭಾರದ ಚಕ್ರವನ್ನು ತಾವೇ ತಳ್ಳಬೇಕಾಯಿತು. ಎಷ್ಟೋ ಕಡೆ ಮೊದಲಿದ್ದ ಕೈಪಂಪನ್ನು ಕಿತ್ತು ಇದನ್ನು ಹಾಕಿದ್ದರು. ಕೆಟ್ಟರೆ ಊರಿನವರೇ ರಿಪೇರಿ ಮಾಡುವಂತೆಯೂ ಇರಲಿಲ್ಲ. ಆ ಹೆಂಗಸರನ್ನು ಮೊದಲೇ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಇಂಥ ತಪ್ಪನ್ನು ನಾನೂ ಮಾಡಿದ್ದೇನೆ. ಹಿಂದೆ ಒಂದು ಕಚೇರಿಯ ಲೆಕ್ಕಪತ್ರ ವಿಭಾಗಕ್ಕೆ ನಾಲ್ಕು ತಿಂಗಳು ಕೂತು ಸಾಫ್ಟ್‌ವೇರ್ ಮಾಡಿಕೊಟ್ಟೆವು. ಅಲ್ಲಿನ ಹಿರಿಯ ಮೇಡಂ ಅದನ್ನು ಬಳಸುತ್ತಲೇ ಇರಲಿಲ್ಲ, ನೋಟ್‌ಬುಕ್ಕಿನಲ್ಲೇ ಬರೆಯುತ್ತಿದ್ದರು. ಅವರಿಗೆ ಹೊಸದು ಕಲಿಯುವ ಮನಸ್ಸಿಲ್ಲ ಅಂತ ನಾವು ನಾವೇ ಮಾತಾಡಿಕೊಂಡೆವು. ಕೊನೆಗೆ ಒಂದು ದಿನ ಅವರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಅವರ ಕೈಗೆ ಬರುವ ಚೀಟಿಯ ಮುಂಭಾಗದಲ್ಲಿ ಇರುವುದು ನಂಬರ್ ಮತ್ತು ಮೊತ್ತ, ಹೆಸರು ಇರುವುದು ಹಿಂಭಾಗದಲ್ಲಿ. ನಮ್ಮ ಸ್ಕ್ರೀನ್ ಮೊದಲು ಹೆಸರು ಕೇಳುತ್ತಿತ್ತು. ದಿನಕ್ಕೆ ಇನ್ನೂರು ಚೀಟಿಯನ್ನು ಎರಡೆರಡು ಸಲ ತಿರುಗಿಸಬೇಕಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು.

ಇದಕ್ಕೆ ತದ್ವಿರುದ್ಧವಾಗಿ ಆದದ್ದೂ ಉಂಟು. ಕೆನ್ಯಾದ್ದೇ ಎಂ-ಪೆಸಾ ಅನ್ನುವ ಮೊಬೈಲ್ ಹಣದ ಸೇವೆ ನೋಡಿ. ಶುರುವಿನಲ್ಲಿ ಅದನ್ನು ಪ್ರಯೋಗಕ್ಕೆ ಬಿಟ್ಟಿದ್ದು ಸಣ್ಣ ಸಾಲದ ಕಂತನ್ನು ಮೊಬೈಲಿನಲ್ಲೇ ಕಟ್ಟಲಿ ಎಂದು. ಜನ ಅದರಲ್ಲಿ ಒಬ್ಬರಿಗೊಬ್ಬರು ದುಡ್ಡು ಕಳಿಸತೊಡಗಿದರು. ಕಂಪನಿಯವರು ಅದನ್ನು ಗಮನಿಸಿದರು, 2007ರಲ್ಲಿ ದುಡ್ಡು ಕಳಿಸುವ ಸೇವೆಯನ್ನಾಗಿಯೇ ಅದನ್ನು ಎಲ್ಲರಿಗೂ ಕೊಟ್ಟರು. ಬ್ಯಾಂಕ್ ಖಾತೆಯೇ ಇಲ್ಲದವರೂ ಅದನ್ನು ಹಿಡಿದುಕೊಂಡರು. ವ್ಯಾಪಾರವೂ ಬೆಳೆಯಿತು, ಜನರೂ ಬೆಳೆದರು. ದಾರಿ ತೋರಿಸಿದವರು ಬಳಸಿದ ಜನ.

ದೇಶದ ಅಭಿವೃದ್ಧಿಯನ್ನು ಅಳೆಯುವುದರಲ್ಲೂ ಇದೇ ಗೊಂದಲ. ರಾಷ್ಟ್ರೀಯ ವರಮಾನದ ಲೆಕ್ಕ ಹಾಕಿಕೊಟ್ಟ ಸೈಮನ್ ಕುಜ್ನೆಟ್ಸ್ ಅವರೇ 1934ರಲ್ಲಿ, ಈ ಒಂದು ಅಂಕಿ ನೋಡಿ ಜನರ ಯೋಗಕ್ಷೇಮ ಹೇಳಲಾಗದು ಎಂದು ಎಚ್ಚರಿಸಿದ್ದರು. ಆಯಸ್ಸು, ಓದು, ವರಮಾನ ಮೂರನ್ನೂ ಸೇರಿಸಿ ನೋಡುವ ಮಾನವ ಅಭಿವೃದ್ಧಿ ಸೂಚ್ಯಂಕ ಬಂದಿದ್ದು 1990ರಲ್ಲಿ, ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮೆಹಬೂಬ್ ಉಲ್ ಹಕ್ ಅವರ ಮುತುವರ್ಜಿಯಿಂದ. ನಡುವೆ ಕಳೆದದ್ದು 56 ವರ್ಷ!

ಹಾಗಂತ ಹೊರಗಿನ ನೆರವೆಲ್ಲ ವ್ಯರ್ಥ ಅನ್ನುವವರ ಜೊತೆ ನಾನಿಲ್ಲ. 1990ರಲ್ಲಿ ಜಗತ್ತಿನಲ್ಲಿ 5 ವರ್ಷ ತುಂಬುವ ಮೊದಲೇ ಸಾಯುತ್ತಿದ್ದ ಮಕ್ಕಳು 1.2 ಕೋಟಿಗೂ ಹೆಚ್ಚು. 2022ರಲ್ಲಿ ಅದು 50 ಲಕ್ಷಕ್ಕಿಂತ ಕೆಳಗಿಳಿದಿತ್ತು. ಲಸಿಕೆ, ಶುದ್ಧ ನೀರು, ಅಮ್ಮಂದಿರ ಓದು, ಇವೆಲ್ಲ ಸೇರಿ ಆದದ್ದು. ಇಲ್ಲಿ ಹಣವೂ ಬೇಕಿತ್ತು, ತಂತ್ರಜ್ಞಾನವೂ ಬೇಕಿತ್ತು. ಮನೆಮನೆಗೆ ಹೋಗಿ, ತಾಯಂದಿರ ಎದುರು ಕೂತು, ಅವರ ಭಯವನ್ನು ಪೂರ್ತಿ ಕೇಳಿಸಿಕೊಂಡ ಕಾರ್ಯಕರ್ತೆಯರೂ ಬೇಕಿತ್ತು.

ಈ ಸಲ ಆ ಅಪ್ರೈಸಲ್ ಫಾರ್ಮ್ ತುಂಬುವ ಸರದಿ ನನ್ನದು, ನಮ್ಮ ತಂಡದ ಕಿರಿಯ ಹುಡುಗನಿಗೆ. 'ಮಾತುಗಾರಿಕೆ ಸುಧಾರಿಸಬೇಕು' ಅಂತ ಬರೆದೂ ಬಿಟ್ಟಿದ್ದೆ. ಆಮೇಲೆ ಅಳಿಸಿ, ಅವನನ್ನೇ ಕರೆದು ನಿನಗೇನು ಕಲಿಯಬೇಕು ಅನಿಸುತ್ತಿದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಿರಾಕಿಗಳ ಜೊತೆಗಿನ ಮೀಟಿಂಗಿಗೆ ನನ್ನನ್ನು ಯಾರೂ ಕರೆಯುವುದೇ ಇಲ್ಲ ಸರ್, ಅವರಿಗೆ ಏನು ಬೇಕು ಅನ್ನೋದು ನನಗೆ ಗೊತ್ತಾಗೋದೇ ಇಲ್ಲ" ಅಂದ. ಮುಂದಿನ ಮಂಗಳವಾರದ ಮೀಟಿಂಗಿಗೆ ಅವನನ್ನೂ ಸೇರಿಸಿದ್ದೇನೆ.